ಹಳೆ ಸ್ವಿಫ್ಟ್‌ನ ಸಸ್ಪೆನ್ಷನ್: ರಮ್ಯಾಳಿಗೆ ಮಾವನ ಪತ್ರ

ಶಿವಮೊಗ್ಗ

ಚಿ. ರಮ್ಯಾಳಿಗೆ ಮಾವನ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ನಿಮ್ಮ ಸ್ವಿಫ್ಟ್ ಕಾರಿನ ಸಸ್ಪೆನ್ಷನ್‌ಗೆ, ಅಂದರೆ ಚಕ್ರ ಹಿಡಿದು ಹಳ್ಳದ ಒದೆತ ತಡೆಯುವ ಭಾಗಗಳಿಗೆ, ಗ್ಯಾರೇಜಿನವರು ಕೊಟ್ಟ ಎಸ್ಟಿಮೇಟನ್ನು ನೀನು ವಾಟ್ಸಾಪ್‌ನಲ್ಲಿ ಕಳಿಸಿದ್ದೆಯಲ್ಲ, ನೋಡಿದೆ. ನಾಲ್ಕು ಶಾಕ್ ಅಬ್ಸಾರ್ಬರ್, ನಾಲ್ಕು ಸ್ಪ್ರಿಂಗ್, ಎರಡು ಲೋಯರ್ ಆರ್ಮ್ (ಚಕ್ರವನ್ನು ಕೆಳಗಿನಿಂದ ಹಿಡಿಯುವ ತೋಳು), ಲಿಂಕ್, ಮೌಂಟ್, ಟೈ ರಾಡ್ ಎಂಡ್ (ಸ್ಟೇರಿಂಗನ್ನು ಚಕ್ರಕ್ಕೆ ಜೋಡಿಸುವ ಕೊಂಡಿ), ಕೂಲಿ ಎಲ್ಲಾ ಸೇರಿ 38,000 ರೂಪಾಯಿ. ನಿನ್ನ ಹತ್ತಿರ ಇರುವುದು 18,000. "ಇಷ್ಟರಲ್ಲೇ ಎಲ್ಲದಕ್ಕೂ ಅಗ್ಗದ ಸಾಮಾನು ಹಾಕಿಸಿಬಿಡಲಾ ಮಾವ?" ಅಂತ ಕೇಳಿದ್ದೀಯ. ಬೇಡ ಕಣಮ್ಮ. ಅದೊಂದನ್ನು ಮಾತ್ರ ಮಾಡಬೇಡ. ಇರುವ ದುಡ್ಡಿಗೆ ಕಡಿಮೆ ಸಾಮಾನು ತಗೋ, ಆದರೆ ಒಳ್ಳೆಯದನ್ನೇ ತಗೋ. ಫೋನಿನಲ್ಲಿ ಹೇಳಿದರೆ ಅರ್ಧ ಮರೆತುಹೋಗುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ. ಮೆಕ್ಯಾನಿಕ್ ಮುಂದೆ ನಿಂತಾಗ ತೆಗೆದು ನೋಡಿಕೊಳ್ಳಬಹುದು.

ಮೊದಲು ಒಂದು ಲೆಕ್ಕ. ನಿಮ್ಮದು 2010ರ ಸ್ವಿಫ್ಟ್. ಹದಿನೈದು ವರ್ಷ ತುಂಬಿದ ಮೇಲೆ ಭಾವ ಆರ್‌ಸಿ ರಿನ್ಯೂ ಮಾಡಿಸಿದ್ದಾರೆ. ಅಂದರೆ ಇನ್ನೂ ಐದು ವರ್ಷಕ್ಕೆ ಕಾಗದ ಸರಿ ಇದೆ. ನೀನು ಸಾಗರದಿಂದ ತಾಳಗುಪ್ಪದ ಶಾಲೆಗೆ ದಿನಾ ಓಡಿಸುವುದು. ಮಳೆಗಾಲ ಮುಗಿದ ಮೇಲೆ ರಸ್ತೆ ಹೇಗಿರುತ್ತದೆ ಅಂತ ನಿನಗೇ ಗೊತ್ತು. ಹಾಗಾಗಿ ಹಾಕಿಸುವ ಸಾಮಾನು 2030ರವರೆಗೆ ಬಾಳಬೇಕು, ಹಳ್ಳದ ರಸ್ತೆಯಲ್ಲಿ ಬಾಳಬೇಕು. ಕಾರು ಹೊಸದರಂತೆ ಆಗಬೇಕು ಅನ್ನುವ ಆಸೆ ಬೇಡ. ಆದರೆ ಆರು ತಿಂಗಳಿಗೆ ಮತ್ತೆ ಬಿಚ್ಚುವ ಕೆಲಸವೂ ಬೇಡ. ಅಗ್ಗದ ಸಾಮಾನಿನಲ್ಲಿ ಉಳಿದ ದುಡ್ಡು ಎರಡನೇ ಸಲದ ಕೂಲಿಗೇ ಹೋಗುತ್ತದೆ.

ಎಸ್ಟಿಮೇಟ್‌ನಲ್ಲಿ ಇರುವುದೆಲ್ಲಾ ಹಾಳಾಗಿದೆ ಅಂತ ನನಗೆ ಅನಿಸುವುದಿಲ್ಲ. ಯಾರೂ ಕಾರಿನ ಕೆಳಗೆ ಹೋಗಿ ಒಂದೊಂದಾಗಿ ನೋಡಿದಂತಿಲ್ಲ. ಸದ್ದು ಬರುತ್ತಿದೆ ಅಂದಿದ್ದೀಯ, ಅವರು ಪೂರ್ತಿ ಸೆಟ್ ಬರೆದಿದ್ದಾರೆ. ಮೊದಲು ಡಿಕ್ಕಿ ತೆಗೆದು ಜ್ಯಾಕು, ಸ್ಟೆಪ್ನಿ, ಪಾನಾ ಎಲ್ಲಾ ಬಿಗಿಯಾಗಿ ಕೂತಿವೆಯಾ ನೋಡು. ಸಡಿಲವಾದ ಜ್ಯಾಕು ಮಾಡುವ ಸದ್ದಿಗೆ ಶಾಕ್ ಅಬ್ಸಾರ್ಬರ್ ಬದಲಿಸಿದವರನ್ನು ಬಿಡಿಭಾಗದ ಅಂಗಡಿಯಲ್ಲಿ ಬೇಕಾದಷ್ಟು ಜನರನ್ನು ನೋಡಿದ್ದೇನೆ. ಆಮೇಲೆ ಟೈರಿನ ಗಾಳಿ. ಡ್ರೈವರ್ ಬಾಗಿಲಿನ ಹತ್ತಿರ ಇರುವ ಸ್ಟಿಕ್ಕರ್‌ನಲ್ಲಿ ಎಷ್ಟು ಬರೆದಿದೆಯೋ ಅಷ್ಟೇ ಇರಲಿ. ಗಾಳಿ ಜಾಸ್ತಿಯಾದರೂ ಕಾರು ಕುಲುಕುತ್ತದೆ, ಸಸ್ಪೆನ್ಷನ್ ಹೋಯಿತು ಅನಿಸುತ್ತದೆ.

ಇದಾದ ಮೇಲೆ ಸದ್ದನ್ನು ಗಮನಿಸಿ ಕೇಳು. ನಿಧಾನವಾಗಿ ಸಣ್ಣ ಸಣ್ಣ ಹಳ್ಳದಲ್ಲಿ ಹೋಗುವಾಗ ಮುಂದಿನಿಂದ ಕಟಕಟ ಅಂದರೆ ಸಾಮಾನ್ಯವಾಗಿ ಸ್ಟೆಬಿಲೈಸರ್ ಲಿಂಕ್, ಅಂದರೆ ತಿರುವಿನಲ್ಲಿ ಕಾರು ವಾಲದಂತೆ ತಡೆಯುವ ಸರಳಿನ ಕೊಂಡಿ. ಬ್ರೇಕ್ ಹಾಕಿದಾಗ ಅಥವಾ ಕ್ಲಚ್ ಬಿಟ್ಟು ಹೊರಡುವಾಗ ಒಂದೇ ಸಲ 'ಡಕ್' ಅಂದರೆ ಲೋಯರ್ ಆರ್ಮ್ ಬುಷ್ (ಆರ್ಮ್ ಕೂರುವ ಜಾಗದ ರಬ್ಬರ್) ಮೇಲೆ ಅನುಮಾನ. ಕಾರು ನಿಂತಲ್ಲೇ ಸ್ಟೇರಿಂಗ್ ತಿರುಗಿಸಿದಾಗ ಸ್ಪ್ರಿಂಗ್ ಎಗರಿದಂತೆ 'ಟಂಗ್' ಅಂದರೆ ಸ್ಟ್ರಟ್ (ಮುಂದಿನ ಸ್ಪ್ರಿಂಗು, ಶಾಕ್ ಅಬ್ಸಾರ್ಬರ್ ಸೇರಿದ ಜೋಡಣೆ) ಮೇಲಿನ ಮೌಂಟ್, ಅಂದರೆ ಅದನ್ನು ಕಾರಿಗೆ ಕೂರಿಸುವ ರಬ್ಬರ್ ಹಿಡಿ, ಅಥವಾ ಅದರ ಬೇರಿಂಗ್. ಹಂಪ್ ದಾಟಿದ ಮೇಲೂ ಕಾರು ಎರಡು ಮೂರು ಸಲ ಮೇಲೆ ಕೆಳಗೆ ಆಡಿದರೆ ಆಗ ಮಾತ್ರ ಶಾಕ್ ಅಬ್ಸಾರ್ಬರ್. ಬಾನೆಟ್ಟಿನ ಮೂಲೆಯನ್ನು ಗಟ್ಟಿಯಾಗಿ ಒತ್ತಿ ಬಿಟ್ಟು ನೋಡು. ಒಂದು ಸಲ ಎದ್ದು ನಿಂತುಬಿಟ್ಟರೆ ಪರವಾಗಿಲ್ಲ.

ಶಾಕ್ ಅಬ್ಸಾರ್ಬರ್ ಮೇಲೆ ತೆಳ್ಳಗೆ ಎಣ್ಣೆ ಪಸೆ, ಅದರ ಮೇಲೆ ಧೂಳು ಕೂತಿದ್ದರೆ ಅದನ್ನೇ ತೋರಿಸಿ 'ಲೀಕ್ ಆಗಿದೆ ಮೇಡಂ' ಅನ್ನುತ್ತಾರೆ. ಪಸೆ ಇದ್ದ ಮಾತ್ರಕ್ಕೆ ಹೋಗಿದೆ ಅಂತಲ್ಲ. ಮೈಮೇಲೆಲ್ಲಾ ಎಣ್ಣೆ ಇಳಿದಿದ್ದರೆ, ಒರೆಸಿದ ಮೇಲೆ ಕೆಲವೇ ದಿನದಲ್ಲಿ ಮತ್ತೆ ಒದ್ದೆಯಾದರೆ ಅದು ಲೀಕ್. ಟೈರಿನ ಮೇಲೆ ಕೈ ಆಡಿಸು. ಸುತ್ತಲೂ ಒಂದು ಕಡೆ ಉಬ್ಬು, ಒಂದು ಕಡೆ ತಗ್ಗು ಅಂತ ಸವೆದಿದ್ದರೆ ಶಾಕ್ ಅಬ್ಸಾರ್ಬರ್ ಕೆಲಸ ಮಾಡುತ್ತಿಲ್ಲ ಅನ್ನುವುದಕ್ಕೆ ಅದೂ ಒಂದು ಗುರುತು.

ಈಗ ದುಡ್ಡು ಎಲ್ಲಿ ಮೊದಲು ಹೋಗಬೇಕು ಅನ್ನುವ ವಿಷಯ. ಚಕ್ರವನ್ನು ಕಾರಿಗೆ ಹಿಡಿದುಕೊಂಡಿರುವ ಸಾಮಾನು ಮೊದಲು. ಸುಖ ಕೊಡುವ ಸಾಮಾನು ಆಮೇಲೆ. ಶಾಕ್ ಅಬ್ಸಾರ್ಬರ್ ಹೋದರೆ ಕಾರು ಕುಣಿಯುತ್ತದೆ, ಬ್ರೇಕ್ ಹಾಕಿದಾಗ ನಿಲ್ಲುವ ದೂರ ಜಾಸ್ತಿಯಾಗುತ್ತದೆ. ನಿಜ, ಅದೂ ಚಿಕ್ಕ ವಿಷಯ ಅಲ್ಲ. ಆದರೆ ಲೋಯರ್ ಆರ್ಮ್ ತುದಿಯ ಬಾಲ್ ಜಾಯಿಂಟ್ (ಗುಂಡು ಕೀಲು) ಕಳಚಿದರೆ ಚಕ್ರವೇ ಮಡಿಚಿಕೊಂಡು ಬೀಳುತ್ತದೆ. ಟೈ ರಾಡ್ ಎಂಡ್ ಕಳಚಿದರೆ ಸ್ಟೇರಿಂಗ್ ತಿರುಗಿಸಿದರೂ ಆ ಚಕ್ರ ಮಾತು ಕೇಳುವುದಿಲ್ಲ. ಜೋಗದ ಕಡೆಯ ತಿರುವುಗಳಲ್ಲಿ ನೀನು ಒಬ್ಬಳೇ ಓಡಾಡುತ್ತೀಯ. ಇದರಲ್ಲಿ ನಾನು ಚೌಕಾಸಿ ಮಾಡುವವನಲ್ಲ, ನೀನೂ ಮಾಡಬೇಡ.

ಇದನ್ನು ನಿನ್ನ ಕಣ್ಣೆದುರೇ ಪರೀಕ್ಷೆ ಮಾಡಿಸು. ಚಕ್ರ ಎತ್ತಿ, ಜ್ಯಾಕ್ ಒಂದನ್ನೇ ನಂಬದೆ ಸ್ಟ್ಯಾಂಡ್ ಕೊಟ್ಟು, ಚಕ್ರದ ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಲಿ. ಆಟ, ಅಂದರೆ ಸಡಿಲ ಅಲುಗಾಟ, ಇದ್ದರೆ ಬಾಲ್ ಜಾಯಿಂಟ್ ಇರಬಹುದು, ವೀಲ್ ಬೇರಿಂಗ್ ಇರಬಹುದು. ಯಾರಾದರೂ ಬ್ರೇಕ್ ಒತ್ತಿ ಹಿಡಿಯಲಿ. ಆಗ ಆಟ ನಿಂತರೆ ಬೇರಿಂಗ್, ನಿಲ್ಲದಿದ್ದರೆ ಬಾಲ್ ಜಾಯಿಂಟ್ ಮೇಲೆ ಕಣ್ಣು. ಆರ್ಮ್ ಕೆಳಗೆ ಒಂದು ರಾಡು ಕೊಟ್ಟು ಮೀಟಿದರೆ ಇನ್ನೂ ಸ್ಪಷ್ಟ. ಎಡ ಬಲ ಹಿಡಿದು ಅಲ್ಲಾಡಿಸಿದಾಗ ಆಟ ಇದ್ದರೆ ಟೈ ರಾಡ್ ಎಂಡ್ ಅಥವಾ ಒಳಗಿನ ರ್ಯಾಕ್ ಎಂಡ್. ಬಾಲ್ ಜಾಯಿಂಟಿನ ರಬ್ಬರ್ ಬೂಟು ಹರಿದಿದ್ದರೆ ಆಟ ಇನ್ನೂ ಶುರುವಾಗದಿದ್ದರೂ ಬದಲಿಸಿಬಿಡು. ಮಲೆನಾಡಿನ ಮಳೆಯಲ್ಲಿ ನೀರು, ಕೆಸರು ಒಳಗೆ ಹೋದರೆ ಗ್ರೀಸ್ ಉಳಿಯುವುದಿಲ್ಲ.

ಲೋಯರ್ ಆರ್ಮ್ ತಗೊಳ್ಳುವಾಗ ಬುಷ್, ಬಾಲ್ ಜಾಯಿಂಟ್ ಸಮೇತ ಪೂರ್ತಿ ಆರ್ಮ್ ತಗೋ. 'ಬುಷ್ ಮಾತ್ರ ಒತ್ತಿ ಹಾಕಿಕೊಡ್ತೀನಿ, ಅರ್ಧ ದುಡ್ಡು ಉಳಿಯುತ್ತೆ' ಅಂತ ಹೇಳುವವರು ಇರುತ್ತಾರೆ. ಸರಿಯಾದ ಪ್ರೆಸ್ ಇದ್ದು, ಬುಷ್ ಕೂರುವ ದಿಕ್ಕು ಗೊತ್ತಿರುವ ಕೈಯಾದರೆ ತಪ್ಪಿಲ್ಲ. ಆದರೆ ಹದಿನೈದು ವರ್ಷದ ಆರ್ಮ್‌ನಲ್ಲಿ ಹೊಸ ಬುಷ್ ಪಕ್ಕ ಹಳೆ ಬಾಲ್ ಜಾಯಿಂಟ್ ಉಳಿದುಬಿಡುತ್ತದೆ. ಅದು ಹೋದ ದಿನ ಅದೇ ಆರ್ಮ್ ಮತ್ತೆ ಬಿಚ್ಚಬೇಕು, ಅಲೈನ್‌ಮೆಂಟ್ (ಚಕ್ರಗಳ ಕೋನ ಸರಿಪಡಿಸುವುದು) ಮತ್ತೆ ಮಾಡಿಸಬೇಕು.

ಮುಂದಿನ ಸ್ಟ್ರಟ್ ನಿಜವಾಗಿಯೂ ಹೋಗಿದ್ದರೆ ಎರಡನ್ನೂ ಒಟ್ಟಿಗೇ ಬದಲಿಸು. ಒಂದು ಹೊಸದು ಒಂದು ಹಳೆಯದು ಆದರೆ ಬ್ರೇಕ್ ಹಾಕಿದಾಗ, ತಿರುವಿನಲ್ಲಿ ಎರಡು ಕಡೆ ಬೇರೆ ಬೇರೆ ಥರ ನಡೆದುಕೊಳ್ಳುತ್ತದೆ. ದುಡ್ಡು ಸಾಲದಿದ್ದರೆ ಈಗ ಮುಂದಿನ ಜೋಡಿ, ಮೂರು ತಿಂಗಳು ಬಿಟ್ಟು ಹಿಂದಿನ ಜೋಡಿ. ಸ್ವಿಫ್ಟ್‌ನಲ್ಲಿ ಇದು ಸುಲಭ. ಮುಂದೆ ಸ್ಪ್ರಿಂಗು, ಶಾಕ್ ಅಬ್ಸಾರ್ಬರ್ ಎರಡೂ ಸೇರಿ ಒಂದೇ ಸ್ಟ್ರಟ್. ಹಿಂದೆ ಸ್ಪ್ರಿಂಗ್ ಬೇರೆ, ಶಾಕ್ ಅಬ್ಸಾರ್ಬರ್ ಬೇರೆ. ಹಿಂದಿನದನ್ನು ಬದಲಿಸಲು ಸ್ಪ್ರಿಂಗ್ ಒತ್ತಿ ಹಿಡಿಯುವ ಕಂಪ್ರೆಸರ್ ಬೇಕಿಲ್ಲ, ಕೂಲಿಯೂ ಕಡಿಮೆ. ಆ ಕೆಲಸ ಯಾವಾಗ ಬೇಕಾದರೂ ಮಾಡಿಸಬಹುದು.

ಮುಂದಿನದು ಹಾಗಲ್ಲ. ಸ್ಟ್ರಟ್ ಕೆಳಗಿಳಿಸಿ, ಸ್ಪ್ರಿಂಗ್ ಒತ್ತಿ ಹಿಡಿದು, ಮೇಲಿನ ನಟ್ ಬಿಚ್ಚಬೇಕು. ಇಷ್ಟೆಲ್ಲಾ ಬಿಚ್ಚಿದ ಮೇಲೆ ಮೌಂಟ್, ಅದರ ಬೇರಿಂಗ್, ಬಂಪ್ ಸ್ಟಾಪರ್, ಡಸ್ಟ್ ಕವರ್ ಇವನ್ನು ಹಳೆಯದೇ ಹಾಕಿಸಬೇಡ. ಜನ ದುಡ್ಡು ಉಳಿಸಲು ಹೋಗಿ ನಷ್ಟ ಮಾಡಿಕೊಳ್ಳುವುದು ಹೆಚ್ಚಾಗಿ ಇಲ್ಲೇ. ಡಸ್ಟ್ ಕವರ್ ಹರಿದಿದ್ದರೆ ಹೊಸ ಸ್ಟ್ರಟ್ಟಿನ ಹೊಳೆಯುವ ರಾಡಿನ ಮೇಲೆ ಮಣ್ಣು ಕೂರುತ್ತದೆ. ರಾಡು ಮೇಲೆ ಕೆಳಗೆ ಆಡಿದಾಗಲೆಲ್ಲಾ ಆ ಮಣ್ಣು ಎಣ್ಣೆ ಸೀಲನ್ನು ಉಜ್ಜುತ್ತದೆ. ಬಂಪ್ ಸ್ಟಾಪರ್ ಪುಡಿಯಾಗಿದ್ದರೆ ದೊಡ್ಡ ಹಳ್ಳದಲ್ಲಿ ಶಾಕ್ ಅಬ್ಸಾರ್ಬರ್ ತಳಕ್ಕೆ ಹೊಡೆಯುತ್ತದೆ. ನಾಲ್ಕು ರಬ್ಬರ್ ತುಂಡಿಗೋಸ್ಕರ ಹೊಸ ಸ್ಟ್ರಟ್ ಹಾಳಾಗಬಾರದು ಅಲ್ವಾ?

ಸ್ಪ್ರಿಂಗ್ ಮಾತ್ರ ಸುಮ್ನೆ ಬದಲಿಸುವುದು ಬೇಡ. ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಚಕ್ರದ ನಡುವಿನಿಂದ ಫೆಂಡರ್ ಅಂಚಿನವರೆಗೆ ಎರಡೂ ಕಡೆ ಟೇಪ್ ಹಿಡಿದು ಅಳೆದು ನೋಡು. ಎಡ ಬಲ ಸಮ ಇದ್ದು, ಕಾರು ತೀರಾ ಕುಗ್ಗಿಲ್ಲದಿದ್ದರೆ ಹಳೆ ಸ್ಪ್ರಿಂಗೇ ಸಾಕು. ಆದರೆ ಬಿಚ್ಚಿದಾಗ ಕೆಳಗಿನ ಸುತ್ತನ್ನು ತೊಳೆದು ನೋಡಿಸು. ಸಾಗರದ ಮಳೆಗೆ ಅಲ್ಲೇ ಕೆಸರು ನಿಂತು ತುಕ್ಕು ಹಿಡಿಯುವುದು, ಮುರಿಯುವುದೂ ಅಲ್ಲೇ. ಬರೀ ಬಣ್ಣ ಹೋಗಿದ್ದರೆ ಚಿಂತೆ ಇಲ್ಲ. ಪದರ ಎದ್ದಿದ್ದರೆ, ಬಿರುಕು ಕಂಡರೆ ಜೋಡಿಯನ್ನೇ ಬದಲಿಸು. ಸ್ಪ್ರಿಂಗ್ ಸುತ್ತಿನ ಮಧ್ಯೆ ಸಿಕ್ಕಿಸುವ ರಬ್ಬರ್ ಬಫರ್ ಮಾತ್ರ ಬೇಡವೇ ಬೇಡ. ಕಾರು ಎತ್ತರವಾಯಿತು ಅನಿಸುತ್ತದೆ, ಆದರೆ ಆ ಸ್ಪ್ರಿಂಗ್ ಗಡುಸಾಗಿ ಒದೆತವೆಲ್ಲಾ ಮೌಂಟಿಗೆ, ಕಾರಿನ ಮೈಗೆ ಹೋಗುತ್ತದೆ.

ಯಾವ ಕಂಪನಿ ಅಂತ ಕೇಳಿದ್ದೀಯಲ್ಲ. ಮಾರುತಿ ಕಂಪನಿಯದೇ ಡಬ್ಬಿಯ ಸಾಮಾನು ಸಿಕ್ಕರೆ ಲೋಯರ್ ಆರ್ಮ್, ಮೌಂಟ್ ಎರಡಕ್ಕೂ ಅದೇ ನನ್ನ ಮೊದಲ ಆಯ್ಕೆ. ರಬ್ಬರ್ ಇರುವ ಸಾಮಾನಿನಲ್ಲಿ ಅಗ್ಗದ್ದಕ್ಕೂ ಒಳ್ಳೆಯದಕ್ಕೂ ಹೊರಗಿನಿಂದ ವ್ಯತ್ಯಾಸ ಗೊತ್ತಾಗುವುದಿಲ್ಲ, ಒಂದು ಬೇಸಿಗೆ ಕಳೆದ ಮೇಲೆ ಗೊತ್ತಾಗುತ್ತದೆ. ಶಾಕ್ ಅಬ್ಸಾರ್ಬರ್‌ಗೆ ಗೇಬ್ರಿಯಲ್ ತಗೊಂಡರೂ ನನಗೆ ಒಪ್ಪಿಗೆ. 1961ರಿಂದ ಇಲ್ಲಿ ಇದನ್ನೇ ಮಾಡುತ್ತಾ ಬಂದವರು, ಕಾರು ಕಂಪನಿಗಳಿಗೂ ಕೊಡುವವರು. ಮನ್ರೋ ಸಿಕ್ಕರೆ ಅದೂ ಆದೀತು. ಟೈ ರಾಡ್ ಎಂಡ್‌ಗೆ ರಾಣೆ ಕೇಳು. ಹೆಸರೇ ಕೇಳದ ಬ್ರ್ಯಾಂಡಿನ ಪೂರ್ತಿ ಸೆಟ್ ಮೂರನೇ ಒಂದು ಪಾಲು ಬೆಲೆಗೆ ಕಂಡರೆ ಮುಟ್ಟಬೇಡ. 'ರೀಕಂಡೀಷನ್' ಶಾಕ್ ಅಬ್ಸಾರ್ಬರ್ ಅಂತ ಬಣ್ಣ ಬಳಿದು ಮಾರುತ್ತಾರೆ, ಅದೂ ಬೇಡ. ಬೆಂಗಳೂರಿನ ಶಿವಾಜಿನಗರದ ಗುಜರಿಯಿಂದ ತರಿಸುತ್ತೇನೆ ಅಂತ ನಿನ್ನ ಸಹೋದ್ಯೋಗಿಯೊಬ್ಬರು ಹೇಳಿದ್ದಾರಂತೆ. ಬಾಗದ, ಬಿರುಕಿಲ್ಲದ ಬರೀ ಕಬ್ಬಿಣದ ತುಂಡಾದರೆ ಗುಜರಿಯದ್ದು ನಡೆಯುತ್ತದೆ. ರಬ್ಬರ್, ಎಣ್ಣೆ, ಬಾಲ್ ಜಾಯಿಂಟ್ ಇರುವ ಯಾವುದನ್ನೂ ಹಳೆಯದು ತರಬಾರದು.

ಒಂದು ವಿಷಯ ಗಟ್ಟಿಯಾಗಿ ನೆನಪಿಡು. 'ಸ್ವಿಫ್ಟ್‌ದು ಕೊಡಿ' ಅಂತ ಕೇಳಿದರೆ ಸಾಲದು. 2010ರಲ್ಲೇ ಪೆಟ್ರೋಲ್ ಎಂಜಿನ್ 1.3ರಿಂದ 1.2 ಕೆ-ಸೀರೀಸ್‌ಗೆ ಬದಲಾಯಿತು. ಡೀಸೆಲ್ ಎಂಜಿನ್ ಇನ್ನೂ ಭಾರ. 2011ರ ಆಗಸ್ಟ್‌ನಿಂದ ಬಂದದ್ದು ಬೇರೆಯೇ ಸ್ವಿಫ್ಟ್. ಡಿಜೈರ್‌ದು ಕೂರುತ್ತದೆ ಅಂತಲೂ ಕೊಡುತ್ತಾರೆ. ಚಾಸಿಸ್ ನಂಬರ್ ಕೊಟ್ಟು ಪಾರ್ಟ್ ನಂಬರ್ ತೆಗೆಸು, ಆ ನಂಬರಿಗೆ ಸರಿಹೊಂದುವುದನ್ನೇ ತಗೋ. ಮುಂದಿನ ಸ್ಟ್ರಟ್‌ಗೆ ಎಡ ಬಲ ಬೇರೆ ಬೇರೆ, ಡಬ್ಬಿ ಒಡೆದು ನೋಡಿ ಖಾತ್ರಿ ಮಾಡಿಕೋ. ಜಿಎಸ್‌ಟಿ ಬಿಲ್ ಇಲ್ಲದೆ ತರಬೇಡ, ಬಿಲ್ ಇಲ್ಲದಿದ್ದರೆ ವಾರಂಟಿಯೂ ಇಲ್ಲ. 2025ರ ಸೆಪ್ಟೆಂಬರ್ 22ರಿಂದ ಕಾರಿನ ಬಿಡಿಭಾಗಗಳಿಗೆಲ್ಲಾ ತೆರಿಗೆ ಶೇ. 18. ಅದಕ್ಕೂ ಮೊದಲು ಬಹಳಷ್ಟು ಸಾಮಾನಿಗೆ ಶೇ. 28 ಇತ್ತು. ಹಳೆ ಸ್ಟಾಕಿನ ಡಬ್ಬಿ ಕೈಗೆ ಬಂದರೆ ಬೆಲೆ ಇಳಿಸಿದ್ದಾರಾ ಅಂತ ಕೇಳು.

ಸಾಮಾನು ಎಷ್ಟೇ ಒಳ್ಳೆಯದಿದ್ದರೂ ಹಾಕುವವರು ಸರಿಯಾಗಿ ಹಾಕಬೇಕು. ಎರಡೇ ವಿಷಯ ನೋಡು. ಸ್ಟ್ರಟ್ಟಿನ ನಟ್ ತಿರುಗಿಸುವಾಗ ಹೊಳೆಯುವ ರಾಡನ್ನು ಪ್ಲೈಯರ್‌ನಲ್ಲಿ ಹಿಡಿಯಬಾರದು. ಅಲ್ಲಿ ಒಂದು ಗೀರು ಬಿದ್ದರೂ ಸೀಲ್ ಹೋಗುತ್ತದೆ. ಇನ್ನೊಂದು, ಲೋಯರ್ ಆರ್ಮ್ ಬುಷ್‌ನ ಬೋಲ್ಟಿಗೆ ಕೊನೆಯ ಬಿಗಿ ಕೊಡುವುದು ಕಾರಿನ ಭಾರ ಚಕ್ರದ ಮೇಲೆ ಇದ್ದಾಗ. ಚಕ್ರ ಗಾಳಿಯಲ್ಲಿ ಜೋತುಬಿದ್ದಾಗಲೇ ಪೂರ್ತಿ ಬಿಗಿದರೆ, ಕೆಳಗಿಳಿಸಿದ ಕೂಡಲೇ ರಬ್ಬರ್ ತಿರುಚಿಕೊಳ್ಳುತ್ತದೆ. ನಿಂತಾಗಲೂ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಎಷ್ಟೋ ಸಲ 'ಸಾಮಾನು ಸರಿ ಇಲ್ಲ' ಅಂತ ಅಂಗಡಿಗೆ ವಾಪಸ್ ಬರುವ ಆರ್ಮ್‌ಗಳ ಕಥೆ ಇದೇ. ನೀನು ಕೇಳಿದರೆ ಮೆಕ್ಯಾನಿಕ್ ಬೇಜಾರು ಮಾಡಿಕೊಳ್ಳುತ್ತಾನೆ ಅಂತ ಹಿಂಜರಿಯಬೇಡ. ದುಡ್ಡು ಕೊಡುವವಳು ನೀನು. ಒಳ್ಳೆ ಮೆಕ್ಯಾನಿಕ್ ಆದರೆ ಖುಷಿಯಿಂದಲೇ ಹೇಳುತ್ತಾನೆ.

ಎಲ್ಲಾ ಮುಗಿದ ಮೇಲೆ ಅಲೈನ್‌ಮೆಂಟ್. ಮೊದಲೇ ಮಾಡಿಸಬೇಡ. ಟೈರ್ ಬದಲಿಸುವ ಯೋಚನೆ ಇದ್ದರೂ ಈ ಕೆಲಸ ಮುಗಿದ ಮೇಲೆಯೇ.

ನಿನ್ನ 18,000ದಲ್ಲಿ ನಾನಾದರೆ ಹೀಗೆ ಮಾಡುತ್ತಿದ್ದೆ. ಪರೀಕ್ಷೆಯಲ್ಲಿ ಆಟ ಕಂಡರೆ ಎರಡು ಲೋಯರ್ ಆರ್ಮ್, ಬೇಕಿದ್ದರೆ ಟೈ ರಾಡ್ ಎಂಡ್, ಜೊತೆಗೆ ಎರಡು ಲಿಂಕ್. ಸ್ಟ್ರಟ್ ಹೋಗಿದ್ದರೆ ಮುಂದಿನ ಜೋಡಿ, ಮೌಂಟ್ ಮತ್ತು ರಬ್ಬರ್ ಸಮೇತ. ಕೊನೆಗೆ ಅಲೈನ್‌ಮೆಂಟ್. ದುಡ್ಡು ಮುಗಿದರೆ ಹಿಂದಿನ ಶಾಕ್ ಅಬ್ಸಾರ್ಬರ್ ದಸರಾ ರಜೆಗೆ ಇರಲಿ, ಅಲ್ಲಿಯವರೆಗೆ ಡಿಕ್ಕಿಯಲ್ಲಿ ಭಾರ ಹಾಕಬೇಡ, ಸ್ವಲ್ಪ ನಿಧಾನ ಹೋಗು. ಬಿರುಕು, ಕುಸಿತ ಕಾಣದಿದ್ದರೆ ಸ್ಪ್ರಿಂಗ್ ನಾಲ್ಕನ್ನೂ ಆ ಪಟ್ಟಿಯಿಂದ ಹೊಡೆದುಹಾಕು.

ಆರ್‌ಸಿಯ ಫೋಟೋ ಕಳಿಸು, ಚಾಸಿಸ್ ನಂಬರ್ ಸ್ಪಷ್ಟ ಕಾಣಬೇಕು. ಪಾರ್ಟ್ ನಂಬರ್ ತೆಗೆದು ಇಲ್ಲಿಯ ಆಟೋ ಕಾಂಪ್ಲೆಕ್ಸ್‌ನಲ್ಲಿ ವಿಚಾರಿಸುತ್ತೇನೆ. ಇಲ್ಲಿ ಸಿಗದಿದ್ದರೆ ಬೆಂಗಳೂರಿನ ಜೆ.ಸಿ. ರಸ್ತೆಯಿಂದ ತರಿಸೋಣ, ಬಸ್ಸಿನಲ್ಲಿ ಹಾಕಿಸಿದರೆ ಬೆಳಿಗ್ಗೆ ನಿನ್ನ ಕೈಗೆ ಬರುತ್ತದೆ. ಶನಿವಾರ ಮಧ್ಯಾಹ್ನದ ಮೇಲೆ ಗ್ಯಾರೇಜಿಗೆ ಹೋಗುವುದಾದರೆ ಚಕ್ರ ಎತ್ತಿದಾಗ ವಿಡಿಯೋ ಕಾಲ್ ಮಾಡು, ನಾನೂ ನೋಡುತ್ತೇನೆ. ಅಲ್ಲಿಯವರೆಗೆ ಅಡ್ವಾನ್ಸ್ ಕೊಡಬೇಡ.

ಅಕ್ಕನಿಗೆ, ಭಾವನಿಗೆ ನಮಸ್ಕಾರ ತಿಳಿಸು.

ಇಂತಿ,
ನಿನ್ನ ಮಾವ