ಮೊದಲು ನೆರಳು, ಆಮೇಲೆ ಫಲಕ

ಸಂಪಾದಕರೇ,

ಕಲಬುರಗಿಯ ನಮ್ಮ ಬಡಾವಣೆಯಲ್ಲಿ ಸೌರಶಕ್ತಿಯಿಂದಲೇ ನಡೆಯುವ ವಾಚನಾಲಯವೊಂದನ್ನು ಕಟ್ಟಲು ರಚಿಸಿದ ಸಮಿತಿಯಲ್ಲಿ ನಾನೂ ಇದ್ದೇನೆ. ಮೊದಲ ನಕ್ಷೆಯಲ್ಲಿ ಪಶ್ಚಿಮದ ಗೋಡೆಯ ತುಂಬ ಗಾಜು. ಹಗಲು ದೀಪ ಬೇಡ ಎಂಬುದು ವಾಸ್ತುಶಿಲ್ಪಿಯ ವಾದ. ಏಪ್ರಿಲ್ ತಿಂಗಳ ಸಂಜೆ ನಾಲ್ಕಕ್ಕೆ ನಮ್ಮೂರಿನ ಪಶ್ಚಿಮದ ಗೋಡೆಗೆ ಅಂಗೈ ಒತ್ತಿ ನೋಡಿ ಎಂದೆ. ಆ ಗಾಜಿನ ಹಿಂದೆ ಕುಳಿತು ಯಾರು ಓದುತ್ತಾರೆ?

ಎಸಿ ಹಾಕಿದರಾಯಿತು ಎಂದರು ಗುತ್ತಿಗೆದಾರರು. ಲೆಕ್ಕ ಹಾಕಿದೆವು. ಐದು ಕಿಲೋವಾಟ್ ಫಲಕಗಳು ದಿನಕ್ಕೆ ಸುಮಾರು 20 ಯೂನಿಟ್ ಕೊಡುತ್ತವೆ; ಮೂರು ಎಸಿಗಳು ಎಂಟು ಗಂಟೆಯಲ್ಲಿ ಅದನ್ನು ನುಂಗಿ ಇನ್ನೂ ಕೇಳುತ್ತವೆ. 28 ವಾಟ್‌ನ ಹತ್ತು ಫ್ಯಾನ್‌ಗಳು ಹತ್ತು ಗಂಟೆ ತಿರುಗಿದರೂ 3 ಯೂನಿಟ್ ದಾಟುವುದಿಲ್ಲ. ಗಾಜು ಉತ್ತರಕ್ಕೆ ಹೋಯಿತು. ಮೇ ಮಧ್ಯದಿಂದ ಜುಲೈ ಕೊನೆಯವರೆಗೆ ನಡುಹಗಲ ಸೂರ್ಯ ಇಲ್ಲಿ ನೆತ್ತಿಯಿಂದ ಉತ್ತರಕ್ಕೆ ವಾಲಿರುತ್ತಾನೆ, ಹಾಗಾಗಿ ಅಲ್ಲಿಗೂ ಸಜ್ಜಾ ಬೇಕೆಂದು ಹಿಡಿದ ಪಟ್ಟು ಬಿಡಲಿಲ್ಲ. ಖರ್ಚು ಹೆಚ್ಚಿತು, ನಿಜ. ಅದಕ್ಕಾಗಿ ಮುಂಭಾಗದ ಅಲಂಕಾರದ ಕಮಾನನ್ನು ಕೈಬಿಟ್ಟೆವು.

ವಿದ್ಯುತ್ ಎಂಜಿನಿಯರ್ ಅವರನ್ನು ಕರೆದದ್ದು ಮೂರನೆಯ ಸಭೆಗೆ. ನೀರಿನ ಟ್ಯಾಂಕಿನ ನೆರಳು ಫಲಕಗಳ ಮೇಲೆ ಬೀಳುತ್ತದೆ ಎಂಬುದನ್ನು ಅವರು ಒಂದೇ ನೋಟಕ್ಕೆ ಹೇಳಿದರು. ಒಂದು ಫಲಕಕ್ಕೆ ನೆರಳಾದರೂ ಅದರೊಡನೆ ಜೋಡಿಸಿದ ಇಡೀ ಫಲಕಸಾಲಿನ ಉತ್ಪಾದನೆಯೇ ಕುಗ್ಗಬಹುದಂತೆ. ಸಾರ್ವಜನಿಕ ಕಟ್ಟಡಗಳ ಮೊದಲ ಗೆರೆ ಎಳೆಯುವ ದಿನವೇ ಇವರೆಲ್ಲರನ್ನೂ, ಬಳಸುವವರನ್ನೂ ಒಟ್ಟಿಗೆ ಕೂರಿಸುವುದು ಕಡ್ಡಾಯವಾಗಲಿ. ಟ್ಯಾಂಕನ್ನು ಚಾವಣಿಯ ಉತ್ತರದ ಅಂಚಿಗೆ ಸರಿಸುವ ವಿಷಯ ಮುಂದಿನ ಭಾನುವಾರದ ಸಭೆಗೆ ಬರಲಿದೆ.

– ನಿವೃತ್ತ ಶಿಕ್ಷಕಿ, ಕಲಬುರಗಿ