ಸಂಘದ ಫಾರಂ ತುಂಬುವ ಮುಂಚೆ ಓದಿ

ಗೆಳೆಯರೇ, ವಿಮಾನಕ್ಕೆ ಲಗೇಜ್ ಲೋಡಿಂಗ್ ಮಾಡುವ ನಮ್ಮ ಕಾರ್ಮಿಕ ಸಂಘದ ಸದಸ್ಯತ್ವದ ಫಾರಂ ನಾಳೆಯಿಂದ ಸಿಗುತ್ತದೆ. ಡ್ಯೂಟಿ ಹೊತ್ತಿನಲ್ಲಿ, ವಿಮಾನದ ಹತ್ತಿರ ಯಾರೂ ಹಂಚಬೇಡಿ. ಶಿಫ್ಟ್ ಮುಗಿದ ಮೇಲೆ ಕೊಡಿ. ನೋಟಿಸ್ ಕೊಡಲು ನಾವೇ ನೆಪ ಒದಗಿಸುವುದು ಬೇಡ.

ಸಹಿ ಹಾಕಿದರೆ ಕೆಲಸ ಹೋಗುತ್ತಾ ಅಂತ ತುಂಬಾ ಜನ ಕೇಳಿದ್ದಾರೆ. ಸಂಘ ಕಟ್ಟುವುದು ನಮ್ಮ ಹಕ್ಕು ಅಂತ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 1948ರ 87ನೇ ಒಪ್ಪಂದ ಹೇಳುತ್ತದೆ. ಸಂಘ ಸೇರಿದ್ದಕ್ಕೆ ಕೆಲಸದಿಂದ ತೆಗೆಯಬಾರದು ಅನ್ನುತ್ತದೆ 1949ರ 98ನೇ ಒಪ್ಪಂದ. ಆದರೂ ಕಾಗದದ ಮಾತು ಬೇರೆ, ಸೂಪರ್‌ವೈಸರ್ ಬಾಯಿಂದ ಬರುವ ಮಾತು ಬೇರೆ, ಅಲ್ವಾ? ಯಾರಾದರೂ ಬೆದರಿಸಿದರೆ ಜಗಳಕ್ಕೆ ನಿಲ್ಲಬೇಡಿ. ಯಾರು, ಯಾವಾಗ, ಏನಂದರು, ಪಕ್ಕದಲ್ಲಿ ಯಾರಿದ್ದರು, ಎಲ್ಲ ಅವತ್ತೇ ಬರೆದಿಡಿ.

ಬೇಡಿಕೆ ಪಟ್ಟಿಗೆ ಸುಮ್ನೆ ‘ಸಂಬಳ ಜಾಸ್ತಿ ಮಾಡಿ’ ಅಂತ ಕಳಿಸಿದರೆ ಸಾಲದು. ವಿಮಾನದ ಲಗೇಜ್ ಜಾಗದಲ್ಲಿ ಮಂಡಿಯೂರಿ ಬ್ಯಾಗ್ ಜೋಡಿಸಿ ಸೊಂಟ ಹಿಡಿದುಕೊಂಡಿದ್ದು, ಇಬ್ಬರ ಲೋಡಿಂಗ್ ಒಬ್ಬರ ತಲೆಗೆ ಕಟ್ಟಿದ್ದು, ಕಿವಿಗೆ ಏನೂ ಕೊಡದೆ ಎಂಜಿನ್ ಸದ್ದಿನಲ್ಲಿ ನಿಲ್ಲಿಸಿದ್ದು, ಇಂಥದ್ದನ್ನು ತಾರೀಖಿನ ಸಮೇತ ಬರೆಯಿರಿ. ಗುತ್ತಿಗೆಯವರೂ ಬರೆಯಬೇಕು. ಅವರ ಪಾಡು ಇನ್ನೂ ಕಷ್ಟ.

ಈ ಗುಂಪಿನ ಮೆಸೇಜ್‌ಗಳ ಸ್ಕ್ರೀನ್‌ಶಾಟ್ ಹೊರಗೆ ಹೋಗಬಾರದು. ಗುಡ್ ಮಾರ್ನಿಂಗ್ ಮೆಸೇಜ್ ಕೂಡ ಒಂದು ವಾರ ನಿಲ್ಲಿಸಿ, ಮುಖ್ಯ ವಿಷಯ ಮೇಲೆ ಹೋಗಿಬಿಡುತ್ತದೆ.