ಮೆಣಸಿಯ ಇಂಜೆಕ್ಷನ್, ಅಪ್ಪನ ಇಂಜೆಕ್ಷನ್

ಹ್ಯೂಸ್ಟನ್
ಶನಿವಾರ ರಾತ್ರಿ

ಅಮ್ಮಾ,

ನಾವೆಲ್ಲ ಕ್ಷೇಮ. ನೀವೂ ಕ್ಷೇಮ ಅಂದುಕೊಂಡಿದ್ದೆ. ನಿನ್ನ ಕಾಗದವನ್ನು ಅಣ್ಣ ಫೋಟೋ ತೆಗೆದು ವಾಟ್ಸಾಪ್‌ನಲ್ಲಿ ಕಳಿಸಿದ. ನಾಲ್ಕು ಪುಟದಲ್ಲಿ ಮೂರೂವರೆ ಪುಟ ನನ್ನ ಮನೆಯ ನಾಯಿಗಳ ಚಿಂತೆ. ಆಮೇಲೆ ಅಡಿಕೆ ರೇಟು. ಅದೂ ಆದಮೇಲೆ ಮೂಲೆಯಲ್ಲಿ ಒಂದೇ ಸಾಲು. ಸೋಮವಾರ ಡೇರಿಗೆ ಹೋಗುವಾಗ ಅಪ್ಪನ ಕಾಲಿಗೆ ಒಂದು ನಾಯಿಮರಿ ಬಾಯಿ ಹಾಕಿತು, ಸ್ವಲ್ಪ ರಕ್ತ ಬಂತು, ಸುಣ್ಣ ಹಚ್ಚಿದೆ, ಒಂದು ಇಂಜೆಕ್ಷನ್ ಆಗಿದೆ, ಗಾಬರಿ ಬೇಡ ಅಂತ.

ಗಾಬರಿ ಆಗದೆ ಇರುತ್ತಾ ಅಮ್ಮಾ? ತಕ್ಷಣ ಫೋನ್ ಮಾಡಿದೆ. ಅಪ್ಪ ಎತ್ತಿದರು. ಚಿನ್ನುವಿನ ಸ್ಕೂಲು ಕೇಳಿದರು, ಇಲ್ಲಿ ಮಳೆ ಹೇಗೆ ಅಂದರು, ಕಾಲಿನ ಮಾತು ಬಂದ ಕೂಡಲೇ "ಆಯ್ತು ಆಯ್ತು, ನೋಡೋಣ" ಅಂತ ಇಟ್ಟೇಬಿಟ್ಟರು. ಅದಕ್ಕೇ ಬರೆಯುತ್ತಿದ್ದೇನೆ. ಇದನ್ನು ಅಪ್ಪನ ಎದುರು ಕೂತು ಜೋರಾಗಿ ಓದು. ಬೆಳಗಿನ ಕಾಫಿ ಕೈಯಲ್ಲಿರುವಾಗ ಓದು, ಆಗ ಎದ್ದು ತೋಟಕ್ಕೆ ಹೋಗುವುದಿಲ್ಲ.

ಮೊದಲು ಮುಖ್ಯವಾದದ್ದು. ಸೋಮವಾರ ಮೊದಲ ಇಂಜೆಕ್ಷನ್ ಆಯಿತು. ಗುರುವಾರ ಎರಡನೆಯದು ಆಗಬೇಕಿತ್ತು, ಅದು ತಪ್ಪಿದೆ. ಪರವಾಗಿಲ್ಲ, ತಪ್ಪಿದರೆ ಮತ್ತೆ ಮೊದಲಿಂದ ಶುರು ಮಾಡಬೇಕಾಗಿಲ್ಲ, ನಿಂತಲ್ಲಿಂದ ಮುಂದುವರಿಸುತ್ತಾರೆ. ಆದರೆ ಇವತ್ತೇ ಹೋಗಬೇಕು. ನೀನು ಇದನ್ನು ಓದುವಾಗ ಅಲ್ಲಿ ಭಾನುವಾರ ಬೆಳಗಾಗಿರುತ್ತದೆ, ಭಾನುವಾರ ಅಂತ ನಾಳೆಗೆ ಬಿಡಬೇಡಿ. ಇನ್ನೊಂದು ವಿಷಯ, ಇದು ತುಂಬಾ ಮುಖ್ಯ. ರಕ್ತ ಬಂದ ಗಾಯಕ್ಕೆ ಲಸಿಕೆ ಒಂದೇ ಸಾಲದು. ಗಾಯದ ಒಳಗೆ, ಸುತ್ತ, ಸೀರಮ್ ಅಂತ ಬೇರೆಯದೇ ಕೊಡಬೇಕು. ಲಸಿಕೆಯ ಶಕ್ತಿ ಮೈಯಲ್ಲಿ ಬರೋಕೆ ಒಂದು ವಾರ, ಹತ್ತು ದಿನ ಹಿಡಿಯುತ್ತದೆ, ಅಲ್ಲಿಯವರೆಗೆ ಕಾಪಾಡುವುದು ಈ ಸೀರಮ್. ಮೊದಲ ಲಸಿಕೆ ಆದ 7 ದಿನದ ಒಳಗೆ ಮಾತ್ರ ಅದನ್ನು ಕೊಡುವುದು. ಅಂದರೆ ನಾಳೆಗೆ ಗಡುವು ಮುಗಿಯಿತು. ಆ ಕ್ಲಿನಿಕ್‌ನಲ್ಲಿ ಕೊಟ್ಟಿದ್ದಾರಾ ಇಲ್ಲವಾ ಅಂತ ಚೀಟಿ ನೋಡಿ. ಇಲ್ಲದಿದ್ದರೆ ತೀರ್ಥಹಳ್ಳಿ ಸರ್ಕಾರಿ ಆಸ್ಪತ್ರೆಗೆ ಹೋಗಿ, ಅಲ್ಲಿ ಇಲ್ಲ ಅಂದರೆ ಶಿವಮೊಗ್ಗದ ಮೆಗ್ಗಾನ್‌ಗೆ. ಸುಮಾರು 60 ಕಿಲೋಮೀಟರ್ ಅಲ್ವಾ, ಅಣ್ಣ ಕಾರು ತೆಗೆಯಲಿ, ಸಂತೆ ಸಾಮಾನು ಆಮೇಲೆ ತಂದರಾಯಿತು.

ಅಪ್ಪನಿಗೆ ಯಾಕೆ ಹಿಂಜರಿಕೆ ಅಂತ ನನಗೆ ಗೊತ್ತು. ಅಜ್ಜನಿಗೆ ಹೊಕ್ಕುಳ ಸುತ್ತ 14 ಸೂಜಿ ಚುಚ್ಚಿದ್ದನ್ನು ಕಂಡವರು ಅವರು. ನಾವು ಚಿಕ್ಕವರಿದ್ದಾಗ ಎಷ್ಟು ಸಲ ಹೇಳಿದ್ದಾರೆ! ಅದು ಕುರಿಯ ಮೆದುಳಿನಿಂದ ಮಾಡುತ್ತಿದ್ದ ಹಳೆಯ ಲಸಿಕೆ. ನಮ್ಮ ದೇಶದಲ್ಲಿ 2005ರ ಹೊತ್ತಿಗೇ ಅದು ನಿಂತುಹೋಯಿತು. ಈಗ ತೋಳಿಗೆ ಹಾಕುತ್ತಾರೆ, ಸೊಳ್ಳೆ ಕಚ್ಚಿದಷ್ಟು ನೋವು. ಚರ್ಮದ ಒಳಗೆ ಕೊಡುವುದಾದರೆ 0, 3, 7, 28ನೇ ದಿನ. ಮಾಂಸಖಂಡಕ್ಕೆ ಕೊಡುವುದಾದರೆ 14ನೇ ದಿನವೂ ಒಂದು ಸೇರುತ್ತದೆ. ಅಷ್ಟೇ.

ಮರಿ ಚಿಕ್ಕದು ಅಂತ ಬರೆದಿದ್ದೀಯ. ಚಿಕ್ಕ ಮರಿಗೂ ರೇಬೀಸ್ ಇರಬಹುದು ಅಮ್ಮಾ. ಅದು ಯಾರ ಮನೆಯದು ಅಂತ ಅಣ್ಣ ವಿಚಾರಿಸಲಿ. ಕಚ್ಚಿದ ದಿನದಿಂದ 10 ದಿನ ಆ ಮರಿ ಚೆನ್ನಾಗಿದೆಯಾ ಅಂತ ದೂರದಿಂದ ನೋಡುತ್ತಿರಬೇಕು. ಹಾಗಂತ ಮರಿ ಚೆನ್ನಾಗಿದೆ ಅಂತ ನೀವು ಕಾಯುತ್ತಾ ಕೂರಬೇಡಿ, ಇಂಜೆಕ್ಷನ್ ಇಂಜೆಕ್ಷನ್ನೇ.

ಇಷ್ಟೆಲ್ಲ ಇವಳಿಗೆ ಹೇಗೆ ಗೊತ್ತು ಅಂತ ಅಪ್ಪ ಕೇಳುತ್ತಾರೆ. ನೀನು ಮೂರೂವರೆ ಪುಟ ಚಿಂತೆ ಮಾಡಿದ್ದೀಯಲ್ಲ, ಆ ನಾಯಿಗಳಿಂದಲೇ ಗೊತ್ತಾಗಿದ್ದು.

ನಿನಗೆ ಇನ್ನೊಮ್ಮೆ ಹೇಳುತ್ತೇನೆ, ನಾನು ಇವುಗಳನ್ನು ಇಟ್ಟುಕೊಳ್ಳುತ್ತಿಲ್ಲ. ಇಲ್ಲಿ ಇದಕ್ಕೆ ಫಾಸ್ಟರ್ ಮಾಡುವುದು ಅನ್ನುತ್ತಾರೆ. ಹ್ಯೂಸ್ಟನ್‌ನಲ್ಲೂ ಬೀದಿನಾಯಿಗಳಿವೆ, ಸಾಕಿ ಬಿಟ್ಟುಹೋದವೂ ಇವೆ. ನಾಯಿಗಳನ್ನು ಇಡುವ ಶೆಲ್ಟರ್‌ಗಳು ತುಂಬಿ ಜಾಗ ಇರುವುದಿಲ್ಲ. ಮನೆ ಸಿಗುವ ತನಕ ಯಾರಾದರೂ ತಮ್ಮ ಮನೆಯಲ್ಲಿ ನೋಡಿಕೊಂಡರೆ ಒಂದು ಜೀವ ಉಳಿಯುತ್ತದೆ. ಎಷ್ಟೋ ನಾಯಿಗಳನ್ನು ಇಲ್ಲಿಂದ ವ್ಯಾನಿನಲ್ಲಿ ಉತ್ತರದ ರಾಜ್ಯಗಳಿಗೆ ಕಳಿಸುತ್ತಾರೆ, ಅಲ್ಲಿ ಸಾಕುವವರು ಜಾಸ್ತಿ. ಡಾಕ್ಟರು, ಔಷಧಿ ಎಲ್ಲ ಆ ಸಂಸ್ಥೆಯವರದೇ ಖರ್ಚು, ನಮ್ಮದು ಊಟ ಮತ್ತು ಜಾಗ. ದುಡ್ಡಿನ ಚಿಂತೆ ನಿಜವಾಗಿಯೂ ಬೇಡ. ದೇವರ ಮನೆ ಮಹಡಿ ಮೇಲಿದೆ, ಮೆಟ್ಟಿಲಿಗೆ ಗೇಟ್ ಹಾಕಿದ್ದೇವೆ, ನಾಯಿ ಹತ್ತುವುದಿಲ್ಲ.

ಈಗ ಇರುವುದು ಐದನೆಯವಳು. ಶೆಲ್ಟರ್‌ನವರು ಪೆಪ್ಪರ್ ಅಂತ ಹೆಸರಿಟ್ಟಿದ್ದರು, ಚಿನ್ನು ಅವಳನ್ನು ಮೆಣಸಿ ಮಾಡಿದಳು. ಕಪ್ಪು ಮೈ, ಒಂದು ಕಿವಿ ನೆಟ್ಟಗೆ, ಇನ್ನೊಂದು ಜೋತುಬಿದ್ದಿದೆ.

"ಮನೆಯಲ್ಲಿ ನಾಯಿ ರಾಜ ಇದ್ದಾನೆ, ಬೆಕ್ಕು ಬೆಲ್ಲ ಇದ್ದಾಳೆ, ಮೂರೂ ಕಚ್ಚಾಡಿದರೆ ಏನು ಮಾಡ್ತೀಯ" ಅಂತ ಕೇಳಿದ್ದೀಯ. ಸರಿಯಾದ ಪ್ರಶ್ನೆ. ನಾನೂ ಮೊದಲ ನಾಯಿ ಬಂದಾಗ ರಾತ್ರಿ ನಿದ್ದೆ ಮಾಡಿರಲಿಲ್ಲ. ಈಗ ನಮ್ಮ ಮನೆಯಲ್ಲಿ ಒಂದು ಕ್ರಮ ಇದೆ. ಹೊಸದಾಗಿ ಬಂದ ನಾಯಿ ಮೊದಲ ಎರಡು ವಾರ ಹಿಂದಿನ ರೂಮಿನಲ್ಲೇ ಇರುತ್ತದೆ, ಏನಾದರೂ ಕೆಮ್ಮು, ಭೇದಿ ಇದ್ದರೆ ನಮ್ಮವಕ್ಕೆ ಅಂಟಬಾರದು ಅಂತ. ಅಷ್ಟರಲ್ಲಿ ಅದರ ಟವೆಲನ್ನು ರಾಜ ಮಲಗುವ ಕಡೆ ಹಾಕುತ್ತೇನೆ, ರಾಜನದನ್ನು ಅದಕ್ಕೆ ಕೊಡುತ್ತೇನೆ. ಮುಖ ನೋಡುವ ಮೊದಲು ವಾಸನೆಯ ಪರಿಚಯ ಆಗಬೇಕು. ಆಮೇಲೆ ರಾಜನ ಜೊತೆ ಮನೆ ಹೊರಗೆ, ಇಬ್ಬರದೂ ಅಲ್ಲದ ರಸ್ತೆಯಲ್ಲಿ ಭೇಟಿ. ಇವರು ಒಂದನ್ನು ಹಿಡಿದುಕೊಳ್ಳುತ್ತಾರೆ, ನಾನು ಒಂದನ್ನು, ಅಕ್ಕಪಕ್ಕ ಸುಮ್ನೆ ನಡೆಯುವುದು. ಎದುರುಬದುರು ನಿಲ್ಲಿಸಿದರೆ ಜಗಳ, ಪಕ್ಕದಲ್ಲಿ ನಡೆಸಿದರೆ ಸ್ನೇಹ.

ಬೆಲ್ಲನ ವಿಷಯ ಬೇರೆ. ಬೆಕ್ಕಿಗೆ ಎತ್ತರ ಬೇಕು. ಹಾಲ್‌ನ ಗೋಡೆಗೆ ಇವರು ಮೂರು ಹಲಗೆ ಬಡಿದುಕೊಟ್ಟಿದ್ದಾರೆ, ನೆಲಕ್ಕೆ ಕಾಲಿಡದೆ ಒಂದು ಮೂಲೆಯಿಂದ ಇನ್ನೊಂದಕ್ಕೆ ಹೋಗುತ್ತಾಳೆ. ಮೊದಲು ಗೇಟಿನ ಆಚೆ ಈಚೆ ನಿಂತು ನೋಡಬೇಕು. ನಾಯಿ ಬೆಕ್ಕನ್ನು ನೋಡಿ ಆಮೇಲೆ ನನ್ನ ಕಡೆ ತಿರುಗಿದರೆ ಒಳ್ಳೆಯದು, ಕೂಡಲೇ ಒಂದು ಚೂರು ಕೋಳಿ ಕೊಡುತ್ತೇನೆ. ಮೈ ಬಿಗಿ ಮಾಡಿ, ರೆಪ್ಪೆ ಹಾಕದೆ ನೋಡುತ್ತಾ ನಿಂತರೆ ಅವತ್ತಿಗೆ ಮುಗಿಯಿತು, ಬಾಗಿಲು ಹಾಕುತ್ತೇನೆ. ನಮ್ಮ ಮೂರನೆಯ ನಾಯಿ ತಿಂಗಳಾದರೂ ಹಾಗೇ ನಿಲ್ಲುತ್ತಿತ್ತು. ಬೆಕ್ಕಿಲ್ಲದ ಮನೆಗೇ ಕೊಡಿ ಅಂತ ಬರೆದುಕೊಟ್ಟೆವು. ನಾಯಿ ನೋಡಲು ಬರುವವರು ಮೊದಲು ಕೇಳುವುದೇ ಬೆಕ್ಕಿನ ಜೊತೆ ಇರುತ್ತಾ, ಮಕ್ಕಳ ಜೊತೆ ಇರುತ್ತಾ ಅಂತ. ಶೆಲ್ಟರ್‌ನ ಗೂಡಿನಲ್ಲಿ ಅದು ಯಾರಿಗೆ ಗೊತ್ತಾಗುತ್ತದೆ? ನಮ್ಮಂಥ ಮನೆಯವರು ನಿಜ ಹೇಳಬಹುದು. ನನಗೆ ಅದರ ಬಗ್ಗೆ ಹೆಮ್ಮೆ ಇದೆ ಅಮ್ಮಾ.

ಒಂದು ಸಲ ತಪ್ಪಾಗಿದ್ದು ನಿಜ, ಮುಚ್ಚಿಡುವುದಿಲ್ಲ. ಅಡುಗೆಮನೆಯ ಗೇಟಿನ ಚಿಲಕ ನಾನೇ ಸರಿಯಾಗಿ ಹಾಕಿರಲಿಲ್ಲ. ರಾಜ ಊಟ ಮಾಡುವಾಗ ಮೆಣಸಿ ಬಂದು ಬಟ್ಟಲಿಗೆ ಮೂತಿ ಇಟ್ಟಳು, ರಾಜ ಗುರ್ ಅಂದ, ಒಂದು ನಿಮಿಷ ಮನೆ ರಣರಂಗ. ಗಾಯ ಆಗಲಿಲ್ಲ. ಅವತ್ತಿಂದ ಊಟ ಬೇರೆ ಬೇರೆ ರೂಮಿನಲ್ಲಿ, ಬಾಗಿಲು ಹಾಕಿ. ಚಿನ್ನುವನ್ನು ಯಾವ ನಾಯಿಯ ಜೊತೆಗೂ, ರಾಜನ ಜೊತೆಗೂ ಕೂಡ, ಒಂಟಿಯಾಗಿ ಬಿಡುವುದಿಲ್ಲ. ಆಣೆ ಮಾಡಿ ಹೇಳುತ್ತೇನೆ.

ಮತ್ತೆ ಎಲ್ಲಕ್ಕೂ ರೇಬೀಸ್ ಲಸಿಕೆ ಆಗಿದೆ. ಟೆಕ್ಸಾಸ್‌ನಲ್ಲಿ ಅದು ಕಾನೂನು, ನಾಯಿಗೂ, ಬೆಕ್ಕಿಗೂ. ಇಲ್ಲಿ ರೇಬೀಸ್ ಇರುವುದು ಹೆಚ್ಚಾಗಿ ಬಾವಲಿಗಳಲ್ಲಿ, ಮತ್ತೆ ಸ್ಕಂಕ್ ಅನ್ನುವ ಒಂದು ನಾರುವ ಪ್ರಾಣಿಯಲ್ಲಿ. ನಾಯಿ ಕತ್ತಿನ ಹತ್ತಿರ ಚರ್ಮದ ಕೆಳಗೆ ಅಕ್ಕಿಕಾಳಿನಷ್ಟು ಒಂದು ಚಿಪ್ ಇಡುತ್ತಾರೆ, ಕಳೆದುಹೋದರೆ ಯಾರ ಮನೆಯದು ಅಂತ ಅದರಿಂದ ಗೊತ್ತಾಗುತ್ತದೆ. ನಾಯಿ ಬೇಕು ಅಂದವರು ಅರ್ಜಿ ತುಂಬಬೇಕು, ನಾಲ್ಕು ಜನ ಅವರ ಬಗ್ಗೆ ಒಳ್ಳೆ ಮಾತು ಹೇಳಬೇಕು, ಕೆಲವು ಸಲ ಮನೆ ನೋಡಿಕೊಂಡು ಬರುತ್ತಾರೆ. ಸಂಬಂಧ ನೋಡುವಾಗ ನಾವು ವಿಚಾರಿಸುವುದಿಲ್ಲವಾ, ಹಾಗೆ.

ಮೆಣಸಿಯ ಕಥೆ ಪೂರ್ತಿ ಹೇಳುತ್ತೇನೆ, ಅಪ್ಪ ಕೇಳಲಿ. ಅವಳಿಗೆ ಹಾರ್ಟ್‌ವರ್ಮ್ ಇದೆ. ಸೊಳ್ಳೆಯಿಂದ ಬರುವ ಹುಳ, ಗೇಣಿಗಿಂತ ಉದ್ದ ಬೆಳೆಯುತ್ತದೆ, ಹೃದಯ ಮತ್ತು ಶ್ವಾಸಕೋಶದ ರಕ್ತನಾಳಗಳಲ್ಲಿ ಗೂಡುಕಟ್ಟುತ್ತದೆ. ಇಲ್ಲಿ ಹವೆ ಮಂಗಳೂರಿನ ಹಾಗೆ, ಸೆಕೆ, ತೇವ, ಸೊಳ್ಳೆ, ಅದಕ್ಕೆ ಈ ಕಡೆ ಅದು ಜಾಸ್ತಿ. ಒಂದು ತಿಂಗಳು ಮಾತ್ರೆ ಆಯಿತು. ಆಮೇಲೆ ಸೊಂಟದ ಮೇಲಿನ ಮಾಂಸಖಂಡಕ್ಕೆ ಆಳವಾಗಿ ಒಂದು ಇಂಜೆಕ್ಷನ್. ಅವತ್ತು ರಾತ್ರಿಯಿಡೀ ನರಳಿದಳು, ನಾನು ಪಕ್ಕದಲ್ಲೇ ನೆಲದ ಮೇಲೆ ಮಲಗಿದ್ದೆ. ಸತ್ತ ಹುಳದ ಚೂರು ಶ್ವಾಸಕೋಶದಲ್ಲಿ ಸಿಕ್ಕಿಹಾಕಿಕೊಂಡರೆ ಪ್ರಾಣಕ್ಕೇ ಅಪಾಯ, ಅದಕ್ಕೆ ಓಡಬಾರದು, ನೆಗೆಯಬಾರದು. ತಿಂಗಳುಗಟ್ಟಲೆ ಬಾಣಂತಿಯ ಹಾಗೆ ರೂಮಿನಲ್ಲಿ ಇಟ್ಟಿದ್ದೇವೆ. ಈ ಮಂಗಳವಾರ, ಬುಧವಾರ ಒಂದರ ಹಿಂದೆ ಒಂದು ಇನ್ನೆರಡು ಇಂಜೆಕ್ಷನ್ ಇವೆ. ಮೊದಲನೆಯದರ ನೋವು ಇಳಿದ ಮೇಲೆ ನಾಯಿ ಚೆನ್ನಾಗಿಯೇ ಕಂಡಿತು, ಬಾಲ ಆಡಿಸಿತು, ಊಟ ಮಾಡಿತು. ಅಷ್ಟಕ್ಕೇ ಬಿಟ್ಟಿದ್ದರೆ ಉಳಿದ ಹುಳಗಳು ಒಳಗೇ ಇರುತ್ತಿದ್ದವು. ಕ್ಯಾಲೆಂಡರಿನಲ್ಲಿ ಎರಡೂ ದಿನಕ್ಕೆ ಚಿನ್ನು ಕೆಂಪು ಸುತ್ತು ಹಾಕಿದ್ದಾಳೆ. ಇವರು ರಜೆ ಹಾಕಿದ್ದಾರೆ.

ಅಪ್ಪಾ, ಯಾರೋ ಬಿಟ್ಟುಹೋದ ನಾಯಿಗೆ ನಾವು ಒಂದು ತಾರೀಕೂ ತಪ್ಪಿಸುತ್ತಿಲ್ಲ. ನಿಮ್ಮ ತಾರೀಕು ತಪ್ಪಿದರೆ ನಾನು ಇಲ್ಲಿ ಹೇಗಿರಲಿ? ಹುಳಕ್ಕಾದರೂ ಆಮೇಲೆ ಔಷಧಿ ಇದೆ. ರೇಬೀಸ್ ಲಕ್ಷಣ ಶುರುವಾದ ಮೇಲೆ ಯಾವ ಡಾಕ್ಟರೂ ಏನೂ ಮಾಡಲಾರರು. ತಿಂಗಳು, ಎರಡು ತಿಂಗಳು ಏನೂ ಕಾಣದೆ ಇರುತ್ತದೆ, ಆಮೇಲೆ ಬರುತ್ತದೆ. ಇಂಜೆಕ್ಷನ್ ಪೂರ್ತಿ ತೆಗೆದುಕೊಂಡರೆ ಏನೂ ಆಗುವುದಿಲ್ಲ. ಖಂಡಿತ ಏನೂ ಆಗುವುದಿಲ್ಲ, ನೀವು ಆರಾಮಾಗಿ ಇರುತ್ತೀರಿ, ಮುಂದಿನ ಡಿಸೆಂಬರಿಗೆ ನಾವು ಬಂದಾಗ ಚಿನ್ನುವನ್ನು ತುಂಗಾ ತೀರಕ್ಕೆ ನೀವೇ ಕರೆದುಕೊಂಡು ಹೋಗುತ್ತೀರಿ. ನನಗೆ ಭಯ ಇಲ್ಲ. ಸುಮ್ನೆ ಬೇಗ ಹೊರಡಿ ಅಷ್ಟೇ.

ಅಮ್ಮಾ, ಮೆಣಸಿಗೆ ಮಾತ್ರೆ ಕೊಡುವ ಹೊತ್ತಾಯಿತು, ರಾಜ ಬೇರೆ ಬಾಗಿಲು ಕೆರೆಯುತ್ತಿದ್ದಾನೆ. ಆಸ್ಪತ್ರೆಯಿಂದ ಬಂದ ಕೂಡಲೇ ಚೀಟಿಯ ಫೋಟೋ ಕಳಿಸಲು ಅಣ್ಣನಿಗೆ ಹೇಳು, ಇಲ್ಲಿ ನಡುರಾತ್ರಿ ಆದರೂ ನಾನು ಎದ್ದಿರುತ್ತೇನೆ. ಅತ್ತಿಗೆಗೆ, ಮಕ್ಕಳಿಗೆ ಕೇಳಿದೆ ಅಂತ ಹೇಳು. ಉಳಿದದ್ದು ಆಮೇಲೆ.

ನಿನ್ನ ಪುಟ್ಟಿ

ಮರೆತೆ. ಸುಣ್ಣ ಇನ್ನು ಹಚ್ಚಬೇಡ, ಅರಿಶಿನವೂ ಬೇಡ. ಕಚ್ಚಿದ ಕೂಡಲೇ ನಲ್ಲಿ ಕೆಳಗೆ ಸೋಪು ಹಾಕಿ 15 ನಿಮಿಷ ತೊಳೆಯಬೇಕಿತ್ತು. ಈಗಲೂ ಒಂದು ಸಲ ಸೋಪು ನೀರಿನಲ್ಲಿ ಚೆನ್ನಾಗಿ ತೊಳೆದು, ಬ್ಯಾಂಡೇಜ್ ಬಿಗಿದು ಕಟ್ಟದೆ ಕರೆದುಕೊಂಡು ಹೋಗಿ.